ಕೈಯಲ್ಲಿ ಮಾಡಿದ ಗಿಟಾರ್‌ಗೆ ಎಷ್ಟು ಬೆಲೆ ಹೇಳಲಿ?

ಪ್ರಶ್ನೆ: ಮೈಸೂರಿನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಅಕೂಸ್ಟಿಕ್ ಗಿಟಾರ್ ಮಾಡುತ್ತೇನೆ. ಹಿಂಬದಿಗೆ ಬೀಟೆ, ಮುಂಬದಿಗೆ ಸ್ಪ್ರೂಸ್. ಸಾಮಾನಿಗೆ 22,000 ರೂಪಾಯಿ, ಕೆಲಸ 120 ಗಂಟೆ. ಗೆಳೆಯನಿಗೆ 30,000ಕ್ಕೆ ಕೊಟ್ಟೆ. ಗಂಟೆಗೆ ಸುಮಾರು 67 ರೂಪಾಯಿ ಬಿತ್ತು, ಅಷ್ಟೇ!

ಉತ್ತರ: ಮೊದಲು ಗೆಳೆಯರ ರೇಟು ನಿಲ್ಲಿಸಿ ಸಾರ್. ಗಂಟೆಗೆ 250 ಹಿಡಿದರೂ ಕೂಲಿಯೇ 30,000 ಆಯ್ತು ಅಲ್ವಾ? ಗಿಟಾರ್ ಇಡುವ ಕೇಸು, ಕರೆಂಟು, ಹಾಳಾದ ಹಲಗೆಯನ್ನೂ ಸೇರಿಸಿ. ಅರ್ಧ ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಮರ ಕೊಯ್ಯಿರಿ.

ಉತ್ತರ: ವಿದೇಶಕ್ಕೆ ಕಳಿಸುವುದಾದರೆ ಮರ ಕೊಂಡ ರಸೀದಿ ಜೋಪಾನ. ಬೀಟೆ ಸೈಟೀಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2019ರಿಂದ ಪೂರ್ತಿಯಾದ ವಾದ್ಯಕ್ಕೆ ಅದರಲ್ಲಿ ವಿನಾಯಿತಿ ಉಂಟು. ಮಳೆಗಾಲದಲ್ಲಿ ಅಂಟಿಸಿದ್ದು ಒಣ ಹವೆಯಲ್ಲಿ ಬಿರಿಯುತ್ತದೆ. ನನಗೆ ಒಂದು ವಾಪಸ್ ಬಂದಿದೆ.

ಕೇಳಿದವನು: ಗೆಳೆಯನ ತಮ್ಮನಿಗೂ ಒಂದು ಬೇಕಂತೆ. 62,000 ಎಂದೆ. ಆಮೇಲೆ ಫೋನೇ ಎತ್ತುತ್ತಿಲ್ಲ.