ಕೌದಿ, ಕವದಿ, ಕವಂದಿ: ಚೀಟಿಯಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಅರಿವೆಯಿಂದ ಹೊಲಿಯುವ ಹೊದಿಕೆಗಳನ್ನು ಶಿರಸಿಯಲ್ಲಿ ಮಾರಾಟಕ್ಕೆ ಇಡಲಿದ್ದೇವೆ. ಅವುಗಳಿಗೆ ಕಟ್ಟುವ ಹೆಸರಿನ ಚೀಟಿಯಲ್ಲಿ ಕೌದಿ ಎಂದಿರಲಿ ಎಂದು ಒಬ್ಬರು, ಕವಂದಿ ಎಂದಿರಲಿ ಎಂದು ಇನ್ನೊಬ್ಬರು ಹೇಳುತ್ತಾರೆ. ‘ತೇಪೆ ಹಾಕಿದ ಹೊದಿಕೆ’ ಎಂದು ಬರೆದರೆ ಎಲ್ಲರಿಗೂ ತಿಳಿಯುವುದಿಲ್ಲವೇ?

ಉತ್ತರ: ಕವದಿ, ಕವುದಿ, ಕೌದಿ ಇವು ಒಂದೇ ಪದದ ರೂಪಗಳು, ಸವುತೆ ಸೌತೆಯಾದ ಹಾಗೆ. ಧಾರವಾಡ ಸೀಮೆಯಲ್ಲಿ ಕೌದಿಯೇ ರೂಢಿ. ಸಿದ್ದಿಯರಲ್ಲಿ ಹಲವರ ಮನೆಮಾತು ಮರಾಠಿ, ಕನ್ನಡ ಬೆರೆತ ಕೊಂಕಣಿ. ಅವರ ಬಾಯಲ್ಲಿ ಅದು ಕವಂದಿ. ಹೊಲಿದವರು ಕರೆಯುವ ಹೆಸರೇ ಚೀಟಿಯಲ್ಲಿರಲಿ. ಕೆಳಗೆ ಬೇಕಾದರೆ ‘ಸಿದ್ದಿಯರ ಕೌದಿ’ ಎಂದು ಸೇರಿಸಿ. ರೋಮನ್ ಅಕ್ಷರದಿಂದ ಮರಳಿ ಕನ್ನಡಕ್ಕೆ ತರುವಾಗ ಮಾತ್ರ ಎಚ್ಚರ ಬೇಕು, ಅಲ್ಲಿ ದ, ಡ ಎರಡಕ್ಕೂ d ಒಂದೇ. ‘ಕವಡಿ’ ಎಂದರೆ ಕಡಲ ಚಿಪ್ಪು, ‘ಕಾವಡಿ’ ಎಂದರೆ ಹೆಗಲ ಮೇಲಿನ ಅಡ್ಡೆ.

‘ತೇಪೆ’ ಬೇಡವೇ ಬೇಡ. ತೇಪೆ ಎಂದರೆ ತೂತು ಮುಚ್ಚಲು ಹಾಕುವ ತುಂಡು. ಕವಂದಿಯಲ್ಲಿ ಮುಚ್ಚಬೇಕಾದ ತೂತೇ ಇಲ್ಲ. ಮೇಲಿನ ಮೈ ಪೂರ್ತಿ ತುಂಡುಗಳಿಂದಲೇ ಆಗುತ್ತದೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಹೊಲಿಯುವವಳು ಆಯುತ್ತಾಳೆ. ತೇಪೆ ಎಂದು ಬರೆದರೆ ಆ ಆಯ್ಕೆಯನ್ನು ಬಡತನದ ಗುರುತು ಮಾಡಿದಂತಾಗುತ್ತದೆ. ‘ತುಂಡು’ ಸಾಕು. ‘ಕಂತೆ’ಯೂ ಹಿಂದೆ ಇಂಥ ಹೊದಿಕೆಯ ಹೆಸರೇ, ‘ಕಂತೆಗೆ ತಕ್ಕ ಬೊಂತೆ’ ಗಾದೆಯಲ್ಲಿ ಎರಡೂ ಚಿಂದಿಯ ಹೊದಿಕೆಗಳೇ. ಆದರೆ ಇಂದಿನ ಓದುಗನಿಗೆ ಕಂತೆ ಎಂದರೆ ನೋಟಿನ ಕಟ್ಟು. ಕಾರವಾರದ ಕಡೆ ಕೇಳುವ ಗೋದಡಿ, ವಾಕಳ ಇದೇ ಜಾತಿಯ ಹೊದಿಕೆಗಳ ಹೆಸರುಗಳಾದರೂ ಸಿದ್ದಿಯರ ಕೈಗೆಲಸಕ್ಕೆ ಅವನ್ನು ಅಂಟಿಸಬೇಡಿ.

ಭಾಗಗಳ ಹೆಸರುಗಳನ್ನೂ ಬರೆಯಿರಿ, ಗುರುತು ಇರುವುದು ಅಲ್ಲಿಯೇ. ನಾಲ್ಕು ಮೂಲೆಗಳಲ್ಲಿ ಚೌಕದ ಅರಿವೆಯನ್ನು ಕರ್ಣಕ್ಕೆ ಎರಡು ಸಲ ಮಡಚಿ ಇಟ್ಟ ದಪ್ಪ ತ್ರಿಕೋನವಿರುತ್ತದೆ. ಅದು ಫುಲಾ, ಅಂದರೆ ಹೂವು. ಫುಲಾ ಇಲ್ಲದ ಕವಂದಿ ಮುಗಿದದ್ದಲ್ಲ, ಬೆತ್ತಲೆ ಎಂಬುದು ಅವರ ಮಾತು. ದೊಡ್ಡ ತುಂಡುಗಳ ಮೇಲೆ ಕೂರಿಸುವ ಪುಟ್ಟ ಬಣ್ಣದ ತುಂಡು ಟಿಕ್ಲಿ. ಕೊಂಕಣಿ, ಮರಾಠಿಗಳಲ್ಲಿ ಹಣೆಬೊಟ್ಟಿಗೂ ಇದೇ ಹೆಸರು. ಕೂಸಿನ ಕವಂದಿಯಲ್ಲಿ ಟಿಕ್ಲಿ ಹೆಚ್ಚು. ಸಿದ್ದಿಯರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಮರು ಮೂವರೂ ಇದ್ದಾರೆ. ಹೀಗಾಗಿ ಕೆಲವು ಕವಂದಿಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಕಾಣಬಹುದು. ಅದನ್ನು ‘ವಿನ್ಯಾಸ’ ಎಂದಷ್ಟೇ ಬರೆದು ಮುಗಿಸಬೇಡಿ. ಹಾಗೆಯೇ ಒಂದನ್ನೊಂದು ದಾಟುವ ಗೆರೆಗಳನ್ನೆಲ್ಲ ಶಿಲುಬೆ ಎಂದು ಊಹಿಸಲೂಬೇಡಿ, ಹೊಲಿದವರನ್ನು ಕೇಳಿ ಬರೆಯಿರಿ.

‘ಹೊಲಿಯುವ ಕ್ರಮ’ ಎಂದು ಒಂದು ಸಾಲು ಸೇರಿಸುವುದಾದರೆ ಹೀಗೆ: ಅಡಿಯಲ್ಲಿ ಹಳೆಯ ಸೀರೆ. ಅದರ ಮೇಲೆ ಒಂದು ಮೂಲೆಯಿಂದ ತುಂಡು ಇಟ್ಟು, ಅಂಚನ್ನು ಒಳಕ್ಕೆ ಮಡಚಿ, ದಪ್ಪ ಹತ್ತಿದಾರದ ಓಡುಹೊಲಿಗೆ (ರನ್ನಿಂಗ್ ಸ್ಟಿಚ್). ಅಂಚಿನುದ್ದಕ್ಕೂ ಸುತ್ತು ಹಾಕುತ್ತ, ಸಾಲಿನ ಪಕ್ಕಕ್ಕೆ ಸಾಲು ಕೂಡಿಸುತ್ತ ನಡುವಿಗೆ ಬರುತ್ತಾರೆ. ಚೌಕಟ್ಟು ಇಲ್ಲ, ಮೊದಲೇ ಬರೆದುಕೊಂಡ ನಕ್ಷೆಯೂ ಇಲ್ಲ. ಹೊಲಿಗೆ ತಲುಪಿದಲ್ಲಿಗೆ ಮುಂದಿನ ತುಂಡು ಇಡುವುದು. ಅಡಿಯ ಸೀರೆ ಸಡಿಲಾಗಿ ಕೂತರೆ ಸುಕ್ಕು ಅಂಚಿನಿಂದ ಒಳಕ್ಕೆ ಸರಿಯುತ್ತ ನಡುವಿನಲ್ಲಿ ಉಬ್ಬಾಗಿ ಕೂರುತ್ತದೆ. ಅದಕ್ಕೇ ಪ್ರತಿ ಸುತ್ತಿಗೂ ಅಂಗೈಯಿಂದ ತಟ್ಟಿ ಹರವಿಕೊಳ್ಳಬೇಕು. ನಾಲ್ಕೈದು ಸಲ ಒಗೆದ ಹತ್ತಿ ಅರಿವೆಯೇ ಒಳ್ಳೆಯದು. ಹೊಸದನ್ನು ಬೆರೆಸಿದರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನ ಹೊಲಿಗೆಯನ್ನು ಎಳೆಯುತ್ತದೆ, ಗಾಢ ಕೆಂಪಿದ್ದರೆ ಪಕ್ಕದ ತುಂಡಿಗೆ ಬಣ್ಣ ಇಳಿಯುತ್ತದೆ. ಪಾಲಿಯೆಸ್ಟರ್ ಸೀರೆಯ ಮಡಿಕೆ ನಿಲ್ಲದೆ ಜಾರುತ್ತದೆ. ಕೊಳ್ಳುವವರಿಗೆ ಒಂದು ಮಾತು ತಪ್ಪದೆ ಹೇಳಿ: ಪದರ ಹೆಚ್ಚಾದಷ್ಟೂ ಒಣಗುವುದು ನಿಧಾನ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಗೆದರೆ ಒಳಪದರಕ್ಕೆ ಬೂಸಲು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲೇ ಒಗೆದು, ಎರಡೂ ಮಗ್ಗುಲು ಒಣಗಿಸಿ ಇಡಬೇಕು.

ಕ್ರಿಯಾಪದದ ವಿಷಯ ಇನ್ನೊಂದು ಉಳಿದಿದೆ. ‘ಕೈಯಿಂದ ಹೆಣೆದ ಕವಂದಿ’ ಎಂಬ ಬರಹ ಅಲ್ಲಲ್ಲಿ ಕಾಣುತ್ತದೆ. ಹೆಣೆಯುವುದು ಚಾಪೆ, ಬುಟ್ಟಿ, ಜಡೆ. ನೇಯುವುದು ಸೀರೆ. ಕವಂದಿಯನ್ನು ಹೊಲಿಯುತ್ತಾರೆ. ‘ಕೈಹೊಲಿಗೆಯ ಕವಂದಿ’ ಎಂದು ಬರೆದು, ಕೆಳಗೆ ಊರಿನ ಹೆಸರು, ಹೊಲಿದವರು ಒಪ್ಪಿದರೆ ಅವರ ಹೆಸರನ್ನೂ ಹಾಕಿ.