ದಾರವೋ ಪ್ಲಗ್ಗೋ: ಮಾವನ ಟಾವಿ ಬಗ್ಗೆ

ಅಕ್ಕಾ, ಮಾವನಿಗೆ ಟಾವಿ, ಅಂದರೆ ತೊಡೆಯಿಂದ ನಳಿಕೆ ತೂರಿಸಿ ಹೃದಯಕ್ಕೆ ಹೊಸ ವಾಲ್ವ್ ಹಾಕೋದು, ಆದ ಮೇಲೆ ತೊಡೆಯ ರಕ್ತನಾಳ ಮುಚ್ಚೋದಕ್ಕೆ ದಾರ ಒಳ್ಳೆಯದಾ, ಪ್ಲಗ್ ಒಳ್ಳೆಯದಾ ಅಂತ ಕೇಳಿದ್ದೀಯ. ಪ್ಲಗ್ ಹೊಸದು, ಅದನ್ನೇ ಹಾಕಿಸಿ ಅಂತ ಭಾವ ಬರೆದಿದ್ದಾರೆ. ಭಾವ, ದಯವಿಟ್ಟು ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನಾನು ಇಂಥ ಚಿಕಿತ್ಸೆ ನಡೆಯೋ ಕ್ಯಾಥ್ ಲ್ಯಾಬ್‌ನಲ್ಲೇ ಕೆಲಸ ಮಾಡೋದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮಾವನಿಗೆ ಮೊದಲು ಆಗಿತ್ತಲ್ಲ ಆಂಜಿಯೋಗ್ರಾಮ್, ಅದರ ನಳಿಕೆ ಸಾಮಾನ್ಯವಾಗಿ 6 ಫ್ರೆಂಚ್ (ನಳಿಕೆಯ ದಪ್ಪ ಅಳೆಯೋ ಮಾನ), ಅಂದರೆ 2 ಮಿಲಿಮೀಟರ್. ವಾಲ್ವ್ ಹಾಕೋ ನಳಿಕೆ 14 ಫ್ರೆಂಚ್ ಅಂದರೂ ಒಳ ಅಳತೆಯೇ ಹತ್ತಿರ ಹತ್ತಿರ 4.7 ಮಿಲಿಮೀಟರ್. ಅಷ್ಟು ದೊಡ್ಡ ತೂತು ಕೈಯಲ್ಲಿ ಒತ್ತಿ ಹಿಡಿದರೆ ನಿಲ್ಲೋದಿಲ್ಲ. ಮೊದಲು ತೊಡೆಸಂದು ಕೊಯ್ದು ಹೊಲಿಯುತ್ತಿದ್ದರು. ರಕ್ತನಾಳ ತುಂಬಾ ಕೆಟ್ಟಿದ್ದರೆ ಈಗಲೂ ಅದೇ ದಾರಿ.

ದಾರದ ವಿಧಾನದಲ್ಲಿ, ಅಂದರೆ ಪ್ರೋಗ್ಲೈಡ್‌ನಲ್ಲಿ, ದೊಡ್ಡ ನಳಿಕೆ ಹಾಕೋ ಮುಂಚೆಯೇ ಸಾಮಾನ್ಯವಾಗಿ ಎರಡು ಹೊಲಿಗೆ ಹಾಕಿ ಸಡಿಲ ಬಿಟ್ಟಿರುತ್ತಾರೆ. ಕೆಲಸ ಮುಗಿದು ನಳಿಕೆ ತೆಗೆಯುವಾಗ ಎಲೆಅಡಿಕೆ ಚಂಚಿಯ ದಾರ ಎಳೆದ ಹಾಗೆ ಗಂಟು ಬಿಗಿಯುತ್ತಾರೆ. ಇದರಲ್ಲಿ ನನಗೆ ಹಿಡಿಸೋದು ಒಂದೇ ವಿಷಯ. ನಳಿಕೆಗೆ ದಾರಿ ತೋರಿಸೋ ತೆಳು ವೈರ್ ನಾಳದ ಒಳಗೆ ಇಟ್ಟುಕೊಂಡೇ ಬಿಗಿಯುತ್ತಾರೆ, ಸೋರಿದರೆ ಇನ್ನೊಂದು ಹೊಲಿಗೆ ಹಾಕಬಹುದು. ಆದರೆ ನಾಳದ ಮುಂದಿನ ಗೋಡೆಯಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಟ್ಟಿದ್ದರೆ ಸೂಜಿ ಸರಿಯಾಗಿ ಹಾಯೋದಿಲ್ಲ.

ಪ್ಲಗ್, ಅಂದರೆ ಮಾಂಟಾ, ಬೇರೆ ಥರ. ನಾಳದ ಒಳಗೆ ಒಂದು ಚಿಕ್ಕ ಪಟ್ಟಿ ಕೂರುತ್ತೆ, ಹೊರಗಿನಿಂದ ಕೊಲಾಜನ್ ಒತ್ತಿಕೊಳ್ಳುತ್ತೆ. ಕ್ರಮೇಣ ಎರಡೂ ಕರಗಿ ಹೋಗುತ್ತವೆ. ರಕ್ತ ಬೇಗ ನಿಲ್ಲುತ್ತೆ, ಅದು ನಿಜ. ಜರ್ಮನಿಯಲ್ಲಿ 516 ಜನರ ಮೇಲೆ ಎರಡನ್ನೂ ಹೋಲಿಸಿದ ಚಾಯ್ಸ್-ಕ್ಲೋಷರ್ ಅಧ್ಯಯನದಲ್ಲಿ ಪ್ಲಗ್‌ಗೆ 80 ಸೆಕೆಂಡ್, ದಾರಕ್ಕೆ 240 ಸೆಕೆಂಡ್. ಆದರೆ ರಕ್ತನಾಳದ ತೊಂದರೆ, ಸಣ್ಣದು ದೊಡ್ಡದು ಎಲ್ಲಾ ಸೇರಿ, ಪ್ಲಗ್‌ನಲ್ಲಿ ಶೇ. 19.4, ದಾರದಲ್ಲಿ ಶೇ. 12. ಎರಡು-ಮೂರು ನಿಮಿಷ ಉಳಿಸೋದಕ್ಕೆ ನಮಗೇನೂ ಅವಸರ ಇಲ್ಲ ಅಲ್ವಾ?

ಹಾಗಂತ ಪ್ಲಗ್ ಕೆಟ್ಟದ್ದು ಅಂತ ಅಲ್ಲ ಭಾವ. ಡಾಕ್ಟರ ಕೈ ಯಾವುದಕ್ಕೆ ಪಳಗಿದೆ ಅನ್ನೋದೇ ನನ್ನ ಪ್ರಕಾರ ಮುಖ್ಯ. ಹೋದಾಗ ಡಾಕ್ಟರನ್ನ ಇಷ್ಟು ಕೇಳಿ. ಸಿಟಿ ಸ್ಕ್ಯಾನ್‌ನಲ್ಲಿ ತೊಡೆಯ ನಾಳ ಎಷ್ಟು ಅಗಲ ಇದೆ, ಸುಣ್ಣ ಎಲ್ಲಿದೆ? ನೀವು ದಿನಾ ಬಳಸೋದು ಯಾವುದು? ರಕ್ತ ನಿಲ್ಲದಿದ್ದರೆ ತಕ್ಷಣ ಬರೋದಕ್ಕೆ ರಕ್ತನಾಳದ ಸರ್ಜನ್ ಇದ್ದಾರಾ?

ಆಮೇಲಿನ ಕಾವಲು ನಿನ್ನ ಮೇಲೆ ಅಕ್ಕ. ಮಾವ ಸುಮ್ನೆ ಮಲಗೋ ಜಾತಿ ಅಲ್ಲ. ಹೇಳಿದಷ್ಟು ಹೊತ್ತು ಆ ಕಾಲು ಮಡಚಬಾರದು. ಸಿಸ್ಟರ್ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡ್ತಾರೆ, ನೀನೂ ಆಗಾಗ ಎರಡೂ ಪಾದ ಮುಟ್ಟಿ ನೋಡು. ಒಂದು ತಣ್ಣಗಿದ್ದರೆ ಕೂಡಲೇ ಕರಿ. ತೊಡೆಸಂದಿನಲ್ಲಿ ಗಂಟು ಎದ್ದರೂ ಅಷ್ಟೇ. ಇನ್ನೊಂದು, ಮೇಲಿನ ಬ್ಯಾಂಡೇಜ್ ಒಣಗಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ಸೊಂಟ ನೋವು, ಬೆವರು, ತಲೆಸುತ್ತು ಅಂದರೆ ಗ್ಯಾಸ್ ಅಂತ ಬಿಡಬೇಡ.

ಡಿಸ್ಚಾರ್ಜ್ ದಿನ ಮುಂಬೈನ ಪರೇಲ್‌ನಿಂದ ಡೊಂಬಿವಲಿಗೆ ಲೋಕಲ್ ಟ್ರೈನ್ ಬೇಡ, ಸ್ಟೇಷನ್ ಬ್ರಿಡ್ಜ್ ಮೆಟ್ಟಿಲು ಹತ್ತಿಸಬೇಡಿ. ಟ್ಯಾಕ್ಸಿ ಮಾಡಿ. ಸಿಟಿ ರಿಪೋರ್ಟ್ ಫೋಟೋ ಇವತ್ತು ರಾತ್ರಿಯೇ ಕಳಿಸು, ನಮ್ಮ ಡಾಕ್ಟರಿಗೂ ಒಮ್ಮೆ ತೋರಿಸ್ತೀನಿ.