ಹಳೇ ಡೆಸ್ಕ್‌ಟಾಪಿನಾಗ ವಿಂಡೋಸ್ ಜೋಡಿ ಲಿನಕ್ಸ್: ಹಾಕಿದವ್ರು ಹೇಳ್ರಿ

ಯಾದಗಿರಿಯಿಂದ, ಕೇಳಿದವರು:
ನಮ್ಮ ಜೆರಾಕ್ಸ್ ಅಂಗಡ್ಯಾಗ ಮೂರನೇ ಜನರೇಷನ್ ಐ3 ಅದ. 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು, 11ಕ್ಕ ಈ ಪ್ರೊಸೆಸರ್ ನಡಿಯಂಗಿಲ್ಲ. ಆದ್ರ ಕನ್ನಡ ಟೈಪಿಂಗಿನ ನುಡಿ, ಲೆಕ್ಕದ ಟ್ಯಾಲಿ ಸಲುವಾಗಿ ವಿಂಡೋಸ್ ಬೇಕೇ ಬೇಕು. ಇಂಟರ್‌ನೆಟ್ ಕೆಲಸಕ್ಕಷ್ಟೇ ಬಾಜೂಕ ಲಿನಕ್ಸ್ ಮಿಂಟ್ (ವಿಂಡೋಸಿನಂಗ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಪುಕ್ಕಟೆ ಸಿಗ್ತದ) ಹಾಕ್ಬೇಕಂತ ಅದೀನಿ. ಗಿರಾಕಿಗಳ ಫೈಲ್ ಒಂದೂ ಹೋಗಬಾರ್ದು. ಏನ್ ಮಾಡ್ಲಿ?

ಕಲಬುರಗಿಯಿಂದ, ರಿಪೇರಿ ಕೆಲಸದವರು:
ಅಣ್ಣಾರ, ಅದೇ ಡಿಸ್ಕ್ ಕೊಯ್ಯಾಕ ಹೋಗಬ್ಯಾಡ್ರಿ. ಒಂದು 240 ಜಿಬಿ ಸಾಟಾ ಎಸ್ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಜೋರಾಗಿ ಓಡೋ ಡ್ರೈವ್) ತಗೊಂಡು ಲಿನಕ್ಸ್ ಅದರಾಗ ಹಾಕ್ರಿ. ಹಾಕೋ ಮುಂದ ಹಳೇ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡ್ರಿ. ಇನ್‌ಸ್ಟಾಲರ್‌ಗೆ ವಿಂಡೋಸ್ ಕಾಣಿಸ್ಲೇ ಇಲ್ಲಂದ್ರ ಅಳಸೋದೇನು? ಆಮ್ಯಾಗ ಕೇಬಲ್ ಹಚ್ಚಿ, ಚಾಲೂ ಮಾಡುವಾಗ ಬೂಟ್ ಮೆನು (ಯಾವ ಡಿಸ್ಕಿನಿಂದ ಚಾಲೂ ಆಗ್ಬೇಕಂತ ಆರಿಸೋ ಪಟ್ಟಿ) ತೆಗೀರಿ. ಅದರ ಕೀಲಿ ಮದರ್‌ಬೋರ್ಡ್ ನೋಡಿ ಎಫ್8, ಎಫ್11 ಇಲ್ಲಾ ಎಫ್12 ಇರ್ತದ. ನಾಳೆ ಲಿನಕ್ಸ್ ಬ್ಯಾಡ ಅನಿಸಿದ್ರ ಎಸ್ಎಸ್‌ಡಿ ಬಿಚ್ಚಿದ್ರಾತು, ವಿಂಡೋಸ್ ಇದ್ದಂಗ ಇರ್ತದ.

ಎಚ್61 ಚಿಪ್‌ಸೆಟ್ಟಿನ ಬೋರ್ಡ್ ಇದ್ರ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೇ ನಿಲ್ತದ, ಆದ್ರೂ ಹಾರ್ಡ್ ಡಿಸ್ಕಿಗೂ ಇದಕ್ಕೂ ಹೋಲಿಕೇನೇ ಇಲ್ಲ. ಎಸ್ಎಂಪಿಎಸ್‌ನಾಗ (ಕರೆಂಟ್ ಕೊಡೋ ಡಬ್ಬಿ) ಖಾಲಿ ಸಾಟಾ ಪವರ್ ಪಿನ್ ಅದ ಏನು ಮೊದಲೇ ನೋಡ್ರಿ, ಇಲ್ಲಂದ್ರ ಕನ್ವರ್ಟರ್ ಕೇಬಲ್ ಬೇಕಾಗ್ತದ. ಮಿಂಟ್‌ನಾಗ ಎಕ್ಸ್ಎಫ್‌ಸಿಇ ಅನ್ನೋ ಹಗುರ ಆವೃತ್ತಿ ತಗೋರಿ, 4 ಜಿಬಿಗೆ ನಡೀತದ. ಬ್ರೌಸರ್‌ನಾಗ ಇಪ್ಪತ್ತು ಟ್ಯಾಬ್ ತೆಗೆದು ಕುಂತ್ರ ಮಾತ್ರ ಯಾವ ಲಿನಕ್ಸೂ ಕಾಪಾಡಂಗಿಲ್ಲ. ಇನ್ನೊಂದು 4 ಜಿಬಿ ಡಿಡಿಆರ್3 ಹಾಕ್ಸೋದು ಚಲೋ.

ಬೀದರಿನಿಂದ:
ಎಲ್ಲಾರ ಹತ್ರ ಎಸ್ಎಸ್‌ಡಿಗೆ ರೊಕ್ಕ ಇರಂಗಿಲ್ಲರೀ. ನಾ ಒಂದೇ ಡಿಸ್ಕಿನಾಗ ಎರಡೂ ಇಟ್ಟೀನಿ, ಆರಾಮ ನಡದಾವ. ಬ್ಯಾಕಪ್ ತಗೊಂಡ ಮ್ಯಾಲ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಾಗೇ ಜಾಗಾ ಕಮ್ಮಿ ಮಾಡಿ ಖಾಲಿ ಬಿಡ್ರಿ. ಅಲ್ಲೊಂದು ಫಜೀತಿ ಅದ: ಹಳೇ ಎಂಬಿಆರ್ ಪದ್ಧತಿ ಡಿಸ್ಕಿನಾಗ ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಪಾಲು) ನಾಲ್ಕಕ್ಕಿಂತ ಹೆಚ್ಚು ಆಗಂಗಿಲ್ಲ. ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ ಅಂತ ನಾಲ್ಕೂ ಪ್ರೈಮರಿ ಮಾಡಿಟ್ಟಿರ್ತಾರ. ಐದನೇದು ಮಾಡಾಕ ಹೋದ್ರ ಡೈನಾಮಿಕ್ ಡಿಸ್ಕ್ ಮಾಡ್ಲೇನು ಅಂತ ಕೇಳ್ತದ. ಬ್ಯಾಡ ಅನ್ರಿ, ಅಲ್ಲಿಂದ ಮುಂದ ಭಾಳ ತ್ರಾಸ.

ವಿಂಡೋಸಿನ ಪವರ್ ಸೆಟ್ಟಿಂಗಿನಾಗ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡ್ರಿ. ಇಲ್ಲಂದ್ರ ವಿಂಡೋಸ್ ಪೂರಾ ಬಂದ್ ಆಗಿರಂಗಿಲ್ಲ, ಲಿನಕ್ಸಿನಿಂದ ಆ ಡ್ರೈವಿನಾಗ ಫೈಲ್ ಬರಿಯಾಕ ಬರಂಗಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿದ್ರ ಪಾರ್ಟಿಷನ್ ಕೆಲಸಕ್ಕ ಕೈ ಹಾಕಬ್ಯಾಡ್ರಿ. ನಡುವ ಕರೆಂಟ್ ಹೋದ್ರ ಮುಗೀತು.

ಕಲಬುರಗಿಯಿಂದ, ರಿಪೇರಿ ಕೆಲಸದವರು:
ಬೀದರಿನವ್ರು ಹೇಳಿದ್ದು ಖರೇ ಅದ, ಆದ್ರ ಅವ್ರ ಡಿಸ್ಕ್ ಗಟ್ಟಿ ಇತ್ತು. ಹತ್ತು ವರ್ಷ ಧೂಳು ಕುಡಿದ ಅಂಗಡಿ ಡಿಸ್ಕಿಗೆ ಮೊದಲು ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಚ್ಚಿ ನೋಡ್ರಿ. ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ (ಕೆಟ್ಟ, ಕೆಡಾಕ್ಹತ್ತಿದ ಜಾಗಾ) ಏರಾಕ್ಹತ್ತಿದ್ರ ಲಿನಕ್ಸ್ ಮಾತು ಬಿಡ್ರಿ, ಡೇಟಾ ಹೊರಗ ತೆಗೀರಿ.

ಸೇಡಂನಿಂದ, ಮಾಸ್ತರರು:
ಕೇಬಲ್ ಕಿತ್ತು ಹಾಕೋವರಿಗೆ ಒಂದು ಮಾತು. ಲಿನಕ್ಸ್ ಬೋರ್ಡಿನ ಗಡಿಯಾರನ್ನ ಯುಟಿಸಿ (ಜಗತ್ತಿನ ಪ್ರಮಾಣ ಟೈಮ್) ಅಂತ ಇಡ್ತದ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂತ ಓದ್ತದ. ಹಂಗಾಗಿ ವಿಂಡೋಸಿಗೆ ಬಂದಾಗ ಟೈಮ್ ಐದೂವರೆ ತಾಸು ಹಿಂದ. ಲಿನಕ್ಸ್ ಟರ್ಮಿನಲ್‌ನಾಗ ‘timedatectl set-local-rtc 1’ ಕೊಟ್ರ ಸರಿ ಹೋಗ್ತದ. ತಾರೀಖೇ ವರ್ಷಗಟ್ಟಲೆ ಹಿಂದ ಹೋದ್ರ ಅದು ಬೋರ್ಡ್ ಮ್ಯಾಲಿನ ಸಿಆರ್2032 ಸೆಲ್ ಸತ್ತದ್ದು.

ಲಿನಕ್ಸಿನಾಗ ಕನ್ನಡ ಟೈಪಿಂಗಿಗೆ ಐಬಸ್ (ibus), ಎಂ17ಎನ್ (m17n) ಅನ್ನೋ ತಂತ್ರಾಂಶ ಹಾಕಿ ಕೆಜಿಪಿ (KGP) ಕೀಲಿಮಣೆ ಆರಿಸ್ಕೊಳ್ರಿ, ಕೀಲಿ ನುಡಿಯಂಗೇ ಇರ್ತಾವ. ಹಳೇ ನುಡಿ ಫಾಂಟಿನ ಅರ್ಜಿ, ಪತ್ರ ಎಲ್ಲಾ ಯುನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರದ ಕಲಬೆರಕೆ ಕಾಣ್ತದ. ಅವನ್ನ ವಿಂಡೋಸಿನಾಗೇ ತಿದ್ದ್ರಿ.

ಯಾದಗಿರಿಯಿಂದ, ಕೇಳಿದವರು:
ನೋಡ್ದೆ, ನಾಲ್ಕೂ ಪ್ರೈಮರಿ ತುಂಬ್ಯಾವ. ಎಸ್ಎಸ್‌ಡಿನೇ ತರ್ತೀನಿ. ಪ್ರಿಂಟರ್ ಲಿನಕ್ಸಿನಾಗ ನಡೀತದೇನ್ರಿ?

ಕಲಬುರಗಿಯಿಂದ, ರಿಪೇರಿ ಕೆಲಸದವರು:
ಮಾಡೆಲ್ ಮ್ಯಾಲ ಅದ. ಪೆನ್‌ಡ್ರೈವಿನಿಂದ ಲಿನಕ್ಸ್ ಲೈವ್ (ಡಿಸ್ಕಿನಾಗ ಹಾಕದೇ) ಚಾಲೂ ಮಾಡಿ, ಇನ್‌ಸ್ಟಾಲ್ ಒತ್ತೋಕಿಂತ ಮೊದಲು ಪ್ರಿಂಟರ್ ಹಚ್ಚಿ ಒಂದು ಹಾಳಿ ತೆಗೆದು ನೋಡ್ರಿ. ನೆಟ್, ಸೌಂಡ್ ಕೂಡ ಅಲ್ಲೇ ಗೊತ್ತಾಗ್ತದ. ಪ್ರಿಂಟ್ ಬರ್ಲಿಲ್ಲಂದ್ರ ಮಾಡೆಲ್ ನಂಬರ್ ಇಲ್ಲಿ ಹಾಕ್ರಿ.